ಎರಡು ಸೊಂಟದ ಕ್ರೋಮೋಸೋಮ್

"ನಿನ್ನ ಮೈಕ್ರೋಸ್ಕೋಪ್ ಕೆಳಗೆ ನನ್ನ ರಕ್ತ ಇಟ್ರೆ ಗಣಿ ಕಾಣಿಸುತ್ತಾ, ಮಗಳೇ?"

ಮೇಲಿನ ಮನೆಯ ಓಪಾ ಹೀಗೆ ಕೇಳಿದ್ದು 2016ರ ಡಿಸೆಂಬರಿನ ಒಂದು ಸಂಜೆ, ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು. ಕೇಳಿದವರೇ ಸ್ವೆಟರಿನ ತೋಳು ಮೇಲಕ್ಕೆಳೆದು ಕೈ ಚಾಚಿದರು. ಮೊಣಕೈ ಒಳಗಿನ ನರ ನೀಲಿಯಾಗಿ ಉಬ್ಬಿತ್ತು. ಆಗ ಅವರಿಗೆ 82 ವರ್ಷ.

ನಾವು ಕೆಮ್ನಿಟ್ಸ್‌ಗೆ ಬಂದು ಮೂರು ತಿಂಗಳಾಗಿತ್ತು. ಇದು ಜರ್ಮನಿಯ ಪೂರ್ವದಲ್ಲಿರುವ ಸ್ಯಾಕ್ಸನಿಯ ಊರು. ಹಳೆಯ ಪೂರ್ವ ಜರ್ಮನಿಯ ಕಾಲದಲ್ಲಿ ಇದರ ಹೆಸರು ಕಾರ್ಲ್ ಮಾರ್ಕ್ಸ್ ಸ್ಟಾಟ್. ಗಂಡನ ಕೆಲಸಕ್ಕೆಂದು ಬಂದವರು ನಾವು. ನನಗೂ ಒಂದು ಜೆನೆಟಿಕ್ಸ್ ಲ್ಯಾಬ್‌ನಲ್ಲಿ ಕೆಲಸ ಸಿಕ್ಕಿತು. ಜರ್ಮನ್‌ನಲ್ಲಿ ಅಜ್ಜನಿಗೆ ಓಪಾ, ಅಜ್ಜಿಗೆ ಓಮಾ ಅನ್ನುತ್ತಾರೆ. ಅಷ್ಟು ವಯಸ್ಸಾದವರನ್ನು ಹೆಸರು ಹಿಡಿದು ಕರೆಯಲು ನನಗೆ ಬಾಯಿ ಬರಲಿಲ್ಲ. ಮೊದಲ ವಾರದಿಂದಲೇ ಓಪಾ, ಓಮಾ ಅಂದೆ. ಅವರಿಗೂ ಅದು ಇಷ್ಟವಾಯಿತು.

ಅವತ್ತು ಓಪಾ ಸ್ಟೋಲೆನ್ ತಂದಿದ್ದರು. ಕ್ರಿಸ್‌ಮಸ್‌ಗೆ ಮೊದಲು ಮಾಡುವ, ಒಣದ್ರಾಕ್ಷಿ ತುಂಬಿ ಮೇಲೆ ಸಕ್ಕರೆ ಪುಡಿ ಉದುರಿಸಿದ ಗಟ್ಟಿ ಬ್ರೆಡ್ಡು ಅದು. ಗಣಿಯ ಸುರಂಗಕ್ಕೂ ಸ್ಟೋಲೆನ್ ಅಂತಲೇ ಹೆಸರು ಅಂತ ಹೇಳಿಕೊಟ್ಟವರು ಓಪಾ. ಒಂದು ತುಂಡು ಕತ್ತರಿಸಿ, ಕೊಯ್ದ ಜಾಗಕ್ಕೆ ಬೆರಳಿಟ್ಟು, "ಇದು ಬಂಡೆ, ಈ ಕಪ್ಪಗಿರೋದು ಅದಿರು" ಅಂದರು. ನಾನು ಊರಿಂದ ಬಂದ ಚಕ್ಕುಲಿ ಡಬ್ಬಿ ಮುಂದಿಟ್ಟೆ. ಮಾತು ನನ್ನ ಕೆಲಸದ ಕಡೆ ಹೊರಳಿತು. ರಕ್ತದ ಕಣದೊಳಗಿನ ಕ್ರೋಮೋಸೋಮ್‌ಗಳನ್ನು, ಅಂದರೆ ಜೀನ್‌ಗಳನ್ನು ಹೊತ್ತ ನೂಲುಗಳನ್ನು, ನೋಡುತ್ತೇನೆ ಅಂದೆ. ಇಲ್ಲಿಗೆ ಬರುವ ಮೊದಲು ಎರಡು ವರ್ಷ ವಿಕಿರಣದ ಹಾನಿ ಎಣಿಸುವ ಕೆಲಸ ಮಾಡಿದ್ದೆ ಅಂತಲೂ ಸೇರಿಸಿದೆ. ಆಗ ಅವರು ಚಕ್ಕುಲಿ ಕೆಳಗಿಟ್ಟು ತೋಳು ಮಡಚಿದರು.

ಓಪಾ ವಿಸ್ಮುಟ್‌ನವರು. ಈ ಕಡೆ ಹಾಗೆ ಹೇಳಿದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ. ವಿಸ್ಮುಟ್ ಅಂದರೆ ಬಿಸ್ಮತ್ ಎಂಬ ಲೋಹ. ಆದರೆ ಆ ಕಂಪನಿ ಅಗೆದಿದ್ದು ಬಿಸ್ಮತ್ ಅಲ್ಲ, ಯುರೇನಿಯಂ. ಗುಟ್ಟು ಕಾಯಲು ಇಟ್ಟ ಹೆಸರು ಅದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೋವಿಯತ್ ಒಕ್ಕೂಟಕ್ಕೆ ಅಣುಬಾಂಬ್ ಮಾಡಲು ಯುರೇನಿಯಂ ಬೇಕಿತ್ತು. ಈ ಏರ್ತ್ಸ್‌ಗೆಬಿರ್ಗೆ ಬೆಟ್ಟಗಳಲ್ಲಿ ಅದು ಇತ್ತು. ಹೆಸರಿನ ಅರ್ಥವೇ ಅದಿರಿನ ಬೆಟ್ಟ. 1946ರಿಂದ 1990ರವರೆಗೆ ಇಲ್ಲಿಂದಲೂ ಪಕ್ಕದ ಥುರಿಂಜಿಯಾದಿಂದಲೂ 2 ಲಕ್ಷ ಟನ್ನಿಗೂ ಜಾಸ್ತಿ ಯುರೇನಿಯಂ ತೆಗೆದರು. ಆ 44 ವರ್ಷಗಳಲ್ಲಿ ಒಂದಲ್ಲ ಒಂದು ಹೊತ್ತಿನಲ್ಲಿ ಅಲ್ಲಿ ದುಡಿದವರು ಸುಮಾರು 4 ಲಕ್ಷ ಜನ.

ಓಪಾ 1952ರಲ್ಲಿ, 18ನೇ ವಯಸ್ಸಿಗೆ ಸೇರಿದರು. ಯುದ್ಧ ಮುಗಿದು ಏಳು ವರ್ಷವಾದರೂ ಮನೆಯಲ್ಲಿ ಹೊಟ್ಟೆ ತುಂಬ ಊಟ ಇರಲಿಲ್ಲ. ಗಣಿಯಲ್ಲಿ ಸಂಬಳ ಜಾಸ್ತಿ, ರೇಷನ್ ಜಾಸ್ತಿ. ಜೊತೆಗೆ ಸೋವಿಯಲ್ಲಿ ಸಾರಾಯಿ. ಅದಕ್ಕೆ ಕುಂಪೆಲ್‌ಟೋಡ್ ಅನ್ನುತ್ತಿದ್ದರು, ಗಣಿಗಾರನ ಸಾವು ಅಂತ. "ಯುರೇನಿಯಂ ಅನ್ನೋ ಮಾತು ಬಾಯಿಂದ ಬರೋ ಹಾಗಿರಲಿಲ್ಲ. ಅದಿರು ಅಂದ್ರೆ ಮುಗೀತು" ಅಂದರು ಓಪಾ. ಅವರ ಮೊದಲ ಮೂರು ವರ್ಷ ಕಳೆದದ್ದು ಶ್ಲೇಮಾದಲ್ಲಿ. ಕೆಲಸ ಬಂಡೆ ಕೊರೆಯುವುದು. ಒಣಗಿದ ಬಂಡೆಗೆ ಒಣ ಡ್ರಿಲ್ಲು, ನೀರು ಬಿಡುತ್ತಿರಲಿಲ್ಲ. ಗಾಳಿ ಹೊರಗೆ ತಳ್ಳುವ ಫ್ಯಾನುಗಳೂ ಇರಲಿಲ್ಲ. ಪಕ್ಕದಲ್ಲಿ ನಿಂತವನ ಮುಖ ಧೂಳಿನಲ್ಲಿ ಕಾಣುತ್ತಿರಲಿಲ್ಲವಂತೆ. 1955ರ ಹೊತ್ತಿಗೆ ನೀರು ಹಾಯಿಸಿ ಕೊರೆಯುವುದು, ಗಾಳಿ ಆಡಿಸುವುದು, ಅಳತೆ ಮಾಡುವುದು ಶುರುವಾಯಿತು. ಅದಕ್ಕೆ ಹಿಂದಿನ ವರ್ಷಗಳನ್ನು ಇಲ್ಲಿನವರು ಈಗಲೂ ಕಾಡು ವರ್ಷಗಳು ಅಂತಲೇ ಕರೆಯುತ್ತಾರೆ.

ಗಣಿಯ ಗಾಳಿ ಕೊಲ್ಲುತ್ತದೆ ಅನ್ನುವುದು ಇಲ್ಲಿ ಹೊಸ ಮಾತಲ್ಲ. ಶ್ಲೇಮಾದ ಪಕ್ಕದ ಊರು ಷ್ನೇಬೆರ್ಗ್. ಅಲ್ಲಿನ ಬೆಳ್ಳಿ ಗಣಿಯ ಗಂಡಸರು ಎಳೆ ವಯಸ್ಸಿನಲ್ಲೇ ಎದೆಯ ಕಾಯಿಲೆಯಿಂದ ಸಾಯುತ್ತಿದ್ದರು. 16ನೇ ಶತಮಾನದಲ್ಲೇ ಪ್ಯಾರಾಸೆಲ್ಸಸ್ ಎಂಬ ವೈದ್ಯ ಗಣಿಗಾರರ ಈ ಎದೆ ಕಾಯಿಲೆಯ ಬಗ್ಗೆ ಬರೆದಿದ್ದಾನೆ. ಜನ ಅದನ್ನು ಷ್ನೇಬೆರ್ಗ್ ರೋಗ ಅಂದರು. 1879ರಲ್ಲಿ ಹೆರ್ಟಿಂಗ್ ಮತ್ತು ಹೆಸ್ಸೆ ಎಂಬ ಇಬ್ಬರು ವೈದ್ಯರು ಸತ್ತ ಗಣಿಗಾರರ ದೇಹ ಕೊಯ್ದು ನೋಡಿ, ಇದು ಶ್ವಾಸಕೋಶದ ಗೆಡ್ಡೆ ಅಂತ ಬರೆದರು. ವಿಕಿರಣ ಸೂಸುವ ರೇಡಿಯಂ ಲೋಹವನ್ನು ಕಂಡುಹಿಡಿಯುವುದಕ್ಕೆ ಆಗಿನ್ನೂ ಸುಮಾರು 20 ವರ್ಷ ಬಾಕಿ ಇತ್ತು. ಕಾರಣ ಗೊತ್ತಿಲ್ಲದಿದ್ದರೂ ರೋಗ ಗೊತ್ತಿತ್ತು. ಹೀಗಿದ್ದೂ 1946ರಲ್ಲಿ ಹದಿನೆಂಟು, ಇಪ್ಪತ್ತರ ಹುಡುಗರನ್ನು ಅದೇ ಬೆಟ್ಟದೊಳಕ್ಕೆ ಫ್ಯಾನ್ ಇಲ್ಲದೆ ಇಳಿಸಿದರು. ಇದನ್ನು ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ಕಾರಣ ರೇಡಾನ್. ಯುರೇನಿಯಂ ನಿಧಾನವಾಗಿ ಒಡೆಯುತ್ತಾ ರೇಡಿಯಂ ಆಗುತ್ತದೆ, ರೇಡಿಯಂ ಒಡೆದು ರೇಡಾನ್ ಅನಿಲ ಆಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಬಂಡೆಯ ಬಿರುಕಿನಿಂದ ಹೊರಬಂದು ಸುರಂಗದಲ್ಲಿ ತುಂಬಿಕೊಳ್ಳುತ್ತದೆ. 3.8 ದಿನದಲ್ಲಿ ಅರ್ಧ ಒಡೆದು ಪೊಲೋನಿಯಂನಂಥ ಮರಿಗಳನ್ನು ಬಿಡುತ್ತದೆ. ಮೋಸ ಮಾಡುವುದು ಈ ಮರಿಗಳೇ. ಅವು ಧೂಳಿಗೆ ಅಂಟಿಕೊಂಡು, ಉಸಿರಿನ ಜೊತೆ ಒಳಗೆ ಹೋಗಿ, ಶ್ವಾಸನಾಳದ ಗೋಡೆಗೆ ಕೂರುತ್ತವೆ. ಅಲ್ಲೇ ಒಡೆದು ಆಲ್ಫಾ ಕಣ ಎಂಬ ವಿಕಿರಣದ ಚೂರನ್ನು ಉಗುಳುತ್ತವೆ. ಆಲ್ಫಾ ಕಣ ಜಾಸ್ತಿ ದೂರ ಹೋಗುವುದಿಲ್ಲ. ಒಂದು ತಲೆಗೂದಲಿನ ದಪ್ಪದಷ್ಟು ದೂರದೊಳಗೆ ಅದರ ಓಟ ಮುಗಿಯುತ್ತದೆ. ಆದರೆ ಅಷ್ಟರಲ್ಲಿ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಮುರಿದು ಹಾಕುತ್ತದೆ. ಕಾಳಿನ ಹೊಲದಲ್ಲಿ ಆನೆ ನಡೆದ ಹಾಗೆ.

ಈ ಕೂದಲಿನ ದಪ್ಪದ ಲೆಕ್ಕವನ್ನು ನೆನಪಿಡಿ. ಓಪಾಗೆ ನಾನು ಕೊಟ್ಟ ಉತ್ತರ ನಿಂತಿರುವುದು ಅದರ ಮೇಲೆ.

ಮೊದಲು ನನ್ನ ಕೆಲಸ ಹೇಳುತ್ತೇನೆ. ಇದನ್ನು ಹೇಳಲು ನನಗೆ ತುಂಬಾ ಇಷ್ಟ. ರಕ್ತದ ಬಿಳಿ ಕಣಗಳಲ್ಲಿ ಲಿಂಫೋಸೈಟ್ ಅಂತ ಒಂದು ಜಾತಿ. ಅವು ಸುಮ್ನೆ ಮಲಗಿರುತ್ತವೆ. ಮಲಗಿದ ಕಣದಲ್ಲಿ ಕ್ರೋಮೋಸೋಮ್ ಕಾಣುವುದಿಲ್ಲ, ಎಲ್ಲ ಬಿಚ್ಚಿದ ನೂಲಿನ ಹಾಗೆ ಹರಡಿರುತ್ತದೆ. ಕಣ ಎರಡಾಗಲು ಹೊರಟಾಗ ಮಾತ್ರ ನೂಲು ಸುತ್ತಿಕೊಂಡು ಗಿಡ್ಡ ಗಟ್ಟಿ ಕಡ್ಡಿಗಳಾಗುತ್ತದೆ. ಹಾಗಾಗಿ ಮೊದಲು ಅವನ್ನು ಎಬ್ಬಿಸಬೇಕು. ಎಬ್ಬಿಸುವ ಪ್ರೋಟೀನು ಬರುವುದು ರಾಜ್ಮಾ ಕಾಳಿನಿಂದ. ರಾಜ್ಮಾ ಸರಿಯಾಗಿ ಬೇಯದಿದ್ದರೆ ಹೊಟ್ಟೆ ಕೆಡುತ್ತದಲ್ವಾ, ಅದಕ್ಕೆ ಕಾರಣವೂ ಇದೇ ಪ್ರೋಟೀನು. ಅದನ್ನು ಹಾಕಿ, ಮೈ ಬಿಸಿಯಷ್ಟೇ ಬೆಚ್ಚಗೆ 48 ಗಂಟೆ ಇಡುತ್ತೇವೆ.

ಎದ್ದ ಕಣ ಎರಡಾಗುವ ಮೊದಲು ತಡೆದು ನಿಲ್ಲಿಸಬೇಕು. ಅದಕ್ಕೆ ಬಳಸುವುದು ಕೋಲ್ಚಿಸಿನ್ ಅಥವಾ ಅದರ ತಂಗಿಯಂಥ ಇನ್ನೊಂದು ಮದ್ದು. ಕೋಲ್ಚಿಸಿನ್ ಎಲ್ಲಿರುತ್ತದೆ ಗೊತ್ತಾ? ನಮ್ಮ ಗೌರಿ ಹೂವಿನ ಗೆಡ್ಡೆಯಲ್ಲಿ. ಸಾಗರದ ನಮ್ಮ ಮನೆಯ ಬೇಲಿಯಲ್ಲಿ ಮಳೆಗಾಲ ಬಂತೆಂದರೆ ಕೆಂಪು ಹಳದಿ ಬೆಂಕಿಯ ನಾಲಿಗೆ ಹಾಗೆ ಅರಳುತ್ತಿತ್ತು. ಹೂವು ಕೊಯ್ಯಿ, ಗೆಡ್ಡೆ ಮುಟ್ಟಬೇಡ, ವಿಷ ಅದು ಅಂತ ಅಜ್ಜಿ ಪ್ರತಿ ವರ್ಷ ಹೇಳುತ್ತಿದ್ದರು. ಓಪಾಗೆ ಇದನ್ನು ಹೇಳಿದಾಗ ಅವರು ಎದ್ದು ಮೇಲೆ ಹೋಗಿ ತಮ್ಮ ಔಷಧಿ ಡಬ್ಬಿ ತಂದರು. ಹೆಬ್ಬೆರಳು ಊದುವ ಗೌಟ್‌ಗೆ ಅವರು ತೆಗೆದುಕೊಳ್ಳುತ್ತಿದ್ದ ಔಷಧಿಯೂ ಕೋಲ್ಚಿಸಿನ್ನೇ. ನಮ್ಮ ಬೇಲಿಯ ಹೂವು, ಅವರ ಕಾಲುಬೆರಳು, ನನ್ನ ಲ್ಯಾಬು, ಮೂರೂ ಒಂದೇ ಮೇಜಿಗೆ ಬಂದವು.

ಆಮೇಲೆ ಕಣಗಳನ್ನು ತೆಳು ಉಪ್ಪುನೀರಿನಲ್ಲಿ ಉಬ್ಬಿಸಿ, ಸ್ಲೈಡಿನ ಮೇಲೆ ಮೇಲಿನಿಂದ ಒಂದು ಹನಿ ಬೀಳಿಸುತ್ತೇವೆ. ಕಣ ಒಡೆದು ಕ್ರೋಮೋಸೋಮ್‌ಗಳು ಹರಡಿಕೊಳ್ಳುತ್ತವೆ. ಗೀಮ್ಸಾ ಬಣ್ಣ ಹಾಕಿದರೆ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ಪ್ರತಿ ಕಣದಲ್ಲೂ 46. ಪ್ರತಿಯೊಂದಕ್ಕೂ ನಡುವೆ ಒಂದು ಸೊಂಟ, ಅದು ಸೆಂಟ್ರೋಮಿಯರ್. ನಾವು ಹುಡುಕುವುದು ಎರಡು ಸೊಂಟ ಇರುವುದನ್ನು. ಅದರ ಹೆಸರು ಡೈಸೆಂಟ್ರಿಕ್.

ಅದು ಹೇಗಾಗುತ್ತದೆ ಅಂತ ಓಪಾಗೆ ಚಕ್ಕುಲಿಯಲ್ಲಿ ತೋರಿಸಿದೆ. ಎರಡು ಉದ್ದ ತುಂಡು ತೆಗೆದುಕೊಂಡು ಎರಡರ ಸೊಂಟಕ್ಕೂ ದಾರ ಕಟ್ಟಿದೆ. ಎರಡನ್ನೂ ತುದಿಯ ಹತ್ತಿರ ಮುರಿದೆ. ವಿಕಿರಣ ಮಾಡುವುದು ಇಷ್ಟೇ. ಕಣ ಕೂಡಲೇ ರಿಪೇರಿಗೆ ಇಳಿಯುತ್ತದೆ. ಮುರಿದ ತುದಿಗಳು ಹತ್ತಿರ ಇದ್ದರೆ ಯಾವುದು ಯಾವುದಕ್ಕೆ ಸೇರಬೇಕು ಅಂತ ಒಮ್ಮೊಮ್ಮೆ ತಪ್ಪುತ್ತದೆ. ದಾರ ಕಟ್ಟಿದ ಎರಡು ದೊಡ್ಡ ತುಂಡು ಒಂದಕ್ಕೊಂದು ಅಂಟಿಕೊಂಡರೆ ಎರಡು ಸೊಂಟ. ಉಳಿದ ಎರಡು ಚೂರು ಸೊಂಟವಿಲ್ಲದ ಅನಾಥ. ಹೀಗೆ ಸುಮ್ಮಸುಮ್ಮನೆ ಆಗುವುದು ಬಹಳ ಕಮ್ಮಿ, ಸಾವಿರ ಕಣ ನೋಡಿದರೆ ಸುಮಾರು ಒಂದು. ಅದಕ್ಕಿಂತ ಜಾಸ್ತಿ ಸಿಕ್ಕರೆ ವಿಕಿರಣದ ಕಡೆ ಬೆರಳು ತೋರಿಸಬಹುದು. 1987ರಲ್ಲಿ ಬ್ರೆಜಿಲ್‌ನ ಗೋಯಾನಿಯಾದಲ್ಲಿ ಬಿಟ್ಟುಹೋದ ಆಸ್ಪತ್ರೆಯ ಸೀಸಿಯಂ ಪೆಟ್ಟಿಗೆ ಜನರ ಕೈಗೆ ಸಿಕ್ಕಾಗ, ಯಾರಿಗೆ ಎಷ್ಟು ಏಟು ಬಿದ್ದಿದೆ ಅಂತ ಲೆಕ್ಕ ಹಾಕಿದ್ದು ಹೀಗೆ ಎಣಿಸಿಯೇ.

ಓಪಾ ಕಣ್ಣು ಮಿನುಗಿತು. "ಹಾಗಾದ್ರೆ ನನ್ನದೂ ಎಣಿಸಬಹುದು!"

ಇಲ್ಲಿಂದ ಮುಂದೆ ಹೇಳುವುದು ನನಗೆ ಕಷ್ಟವಾಯಿತು.

ಎರಡು ಸೊಂಟದ ಕ್ರೋಮೋಸೋಮ್ ಬಾಳುವುದಿಲ್ಲ. ಕಣ ಎರಡಾಗುವಾಗ ಒಂದು ಸೊಂಟವನ್ನು ಆ ಕಡೆ, ಇನ್ನೊಂದನ್ನು ಈ ಕಡೆ ಎಳೆದರೆ ಹರಿದುಹೋಗುತ್ತದೆ. ಕಣವೇ ಸಾಯುತ್ತದೆ. ಏಟು ಬಿದ್ದ ಮೇಲೆ ಕೆಲವು ವರ್ಷದಲ್ಲಿ ಬಹುಪಾಲು ಮಾಯ. ಓಪಾ ಒಣ ಡ್ರಿಲ್ ಹಿಡಿದು 60 ವರ್ಷ ದಾಟಿತ್ತು.

ಉಳಿಯುವ ಗುರುತು ಬೇರೆ ಇದೆ. ಮುರಿದ ತುದಿಗಳು ಅದಲುಬದಲಾಗಿಯೂ ಎರಡಕ್ಕೂ ಒಂದೊಂದೇ ಸೊಂಟ ಉಳಿದರೆ, ಕಣ ಬದುಕುತ್ತದೆ. ಮರಿಗಳಿಗೂ ಅದೇ ತಪ್ಪು ದಾಟುತ್ತದೆ. ಇದಕ್ಕೆ ಟ್ರಾನ್ಸ್‌ಲೊಕೇಶನ್ ಅನ್ನುತ್ತೇವೆ. ಮಾಮೂಲಿ ಬಣ್ಣದಲ್ಲಿ ಇದನ್ನು ಗುರುತಿಸುವುದು ಕಷ್ಟ, ಒಂದೊಂದು ಕ್ರೋಮೋಸೋಮಿಗೆ ಒಂದೊಂದು ಹೊಳೆಯುವ ಬಣ್ಣ ಬಳಿದರೆ ಅರ್ಧ ಕೆಂಪು ಅರ್ಧ ಹಸಿರು ಕಾಣುತ್ತದೆ. ದಶಕಗಳ ಹಿಂದಿನ ಏಟಿಗೂ ಇದು ಸಾಕ್ಷಿ ಹೇಳುತ್ತದೆ. ಆದರೆ ಇದು ವಯಸ್ಸಾದ ಹಾಗೆ ತಾನಾಗಿಯೇ ಜಾಸ್ತಿಯಾಗುತ್ತಾ ಹೋಗುತ್ತದೆ. ಸಿಗರೇಟು ಸೇದಿದರೂ ಜಾಸ್ತಿಯಾಗುತ್ತದೆ. ಓಪಾಗೆ 82 ವರ್ಷ, ಅದರಲ್ಲಿ 30 ವರ್ಷ ಸಿಗರೇಟು ಸೇದಿದ್ದರು. ಅವರ ರಕ್ತದಲ್ಲಿ ಸಿಗುವ ಅಂಥ ಕಣವನ್ನು ನೋಡಿ ಇದು ಗಣಿ, ಇದು ಸಿಗರೇಟು, ಇದು ವಯಸ್ಸು ಅಂತ ಬೇರೆ ಮಾಡಲು ನನ್ನಿಂದ ಆಗುವುದಿಲ್ಲ. ಬರವಣಿಗೆ ಮೂರರದ್ದೂ ಒಂದೇ.

ಇನ್ನು ಆ ಕೂದಲಿನ ದಪ್ಪದ ಲೆಕ್ಕ. ರೇಡಾನಿನ ಮರಿಗಳು ಕೂತದ್ದು ಶ್ವಾಸನಾಳದ ಗೋಡೆಯ ಮೇಲೆ. ಅವುಗಳ ಏಟು ಬಿದ್ದದ್ದು ಬಹುತೇಕ ಅಲ್ಲಿನ ಜೀವಕೋಶಗಳಿಗೆ. ಕೈಯ ನರದಲ್ಲಿ ಹರಿಯುವ ರಕ್ತಕ್ಕೆ ಸಿಕ್ಕ ಪಾಲು ಚಿಕ್ಕದು. ಕಳ್ಳತನ ಆದದ್ದು ಒಂದು ಮನೆಯಲ್ಲಿ, ನಾನು ಸಾಕ್ಷಿ ಕೇಳುತ್ತಿರುವುದು ಮೂರು ಬೀದಿ ಆಚೆಯವರನ್ನು.

ಓಪಾ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ "ಮೂಳೆ?" ಅಂದರು.

ಅವರು ಕೇಳಿದ್ದು ಸರಿಯಾಗಿತ್ತು. ರೇಡಾನಿನ ವಂಶದಲ್ಲಿ ಮುಂದೆ ಸೀಸ 210 ಎಂಬ, ವಿಕಿರಣ ಸೂಸುವ ಬಗೆಯ ಸೀಸ ಬರುತ್ತದೆ. ಅದು ಅರ್ಧವಾಗಲು 22 ವರ್ಷ ಬೇಕು. ಸೀಸ ಮೂಳೆಯಲ್ಲಿ ಸೇರಿಕೊಳ್ಳುತ್ತದೆ. ತಲೆಬುರುಡೆಯ ಮೇಲೆ ಮಾಂಸ ಕಮ್ಮಿ ಇರುವುದರಿಂದ, ಅದು ಹೊರಬಿಡುವ ಕ್ಷೀಣ ಗಾಮಾ ಕಿರಣವನ್ನು ತಲೆಯ ಪಕ್ಕ ಯಂತ್ರ ಇಟ್ಟು ಅಳೆಯಲು ಬರುತ್ತದೆ. ಯುರೇನಿಯಂ ಗಣಿಗಾರರಲ್ಲಿ ಹಾಗೆ ಅಳೆದಿದ್ದಾರೆ. ಓಪಾ ಬೆರಳ ಗೆಣ್ಣಿನಿಂದ ತಮ್ಮ ತಲೆ ತಟ್ಟಿಕೊಂಡು, "ಇಲ್ಲಿದೆ ಹಾಗಾದ್ರೆ" ಅಂದರು. ಇರಬಹುದು. ಆದರೆ 60 ವರ್ಷದಲ್ಲಿ ಅದೂ ಸವೆದಿರುತ್ತದೆ, ಊಟದಿಂದ ಹೊಗೆಸೊಪ್ಪಿನಿಂದ ಹೊಸದು ಸೇರಿರುತ್ತದೆ.

ವಿಕಿರಣ ಮಾತ್ರ ಬಿಡುವ, ಬೇರೆ ಯಾರೂ ಬಿಡದ ಒಂದು ಬೆರಳಚ್ಚು ಸಿಕ್ಕರೆ ಎಷ್ಟು ಚೆನ್ನ, ಅಲ್ವಾ? ಒಮ್ಮೆ ಸಿಕ್ಕಿತು ಅಂತಲೇ ಅಂದುಕೊಂಡಿದ್ದರು. ಇದು ನಾನು ಹುಡುಗಿಯಾಗಿದ್ದಾಗಿನ ಕಥೆ, ಓದಿದ್ದು ಆಮೇಲೆ. ಬೂಸ್ಟು ಹಿಡಿದ ಕಡಲೆಕಾಯಿಯಲ್ಲಿ, ಜೋಳದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರುತ್ತದೆ. ಅದನ್ನು ತುಂಬಾ ತಿನ್ನುವ ಪ್ರದೇಶದ ಜನರ ಲಿವರ್ ಕ್ಯಾನ್ಸರಿನಲ್ಲಿ, ಕ್ಯಾನ್ಸರ್ ತಡೆಯುವ ಪಿ53 ಎಂಬ ಜೀನ್‌ನ 249ನೇ ಜಾಗದಲ್ಲೇ ಒಂದು ಅಕ್ಷರ ಮತ್ತೆ ಮತ್ತೆ ಬದಲಾಗಿರುತ್ತದೆ ಅಂತ 1991ರಲ್ಲಿ ಗೊತ್ತಾಯಿತು. ವಿಷ ತನ್ನ ಸಹಿ ಹಾಕಿ ಹೋದ ಹಾಗೆ. ಹಾಗಾದರೆ ರೇಡಾನಿಗೂ ಸಹಿ ಇರಬೇಕಲ್ಲ? 1994ರಲ್ಲಿ ಅಮೆರಿಕದ ಕೊಲೊರಾಡೊ ಪ್ರಸ್ಥಭೂಮಿಯ ಯುರೇನಿಯಂ ಗಣಿಗಾರರ 52 ಶ್ವಾಸಕೋಶದ ಗೆಡ್ಡೆಗಳನ್ನು ನೋಡಿದರು. 16ರಲ್ಲಿ ಅದೇ 249ನೇ ಜಾಗದಲ್ಲಿ ಒಂದೇ ಥರದ ಬದಲಾವಣೆ. ಸುಮಾರು ಮೂರರಲ್ಲಿ ಒಂದು! ಆಗ ಎಷ್ಟು ಜನ ಕುರ್ಚಿಯಿಂದ ಎದ್ದು ನಿಂತಿರಬಹುದು ಅಂತ ಊಹಿಸಿಕೊಳ್ಳುತ್ತೇನೆ.

ಆಮೇಲೆ ಜರ್ಮನಿಯ ಗಣಿಗಾರರ ಗೆಡ್ಡೆಗಳಲ್ಲಿ ಹುಡುಕಿದರು. ಸಿಗಲಿಲ್ಲ. ರೇಡಾನಿನ ಸಹಿ ಅಂತ ಅದು ಸಾಬೀತಾಗಲೇ ಇಲ್ಲ.

ವಿಜ್ಞಾನದಲ್ಲಿ ಇದು ದಿನವೂ ನಡೆಯುವ ಮಾತು. ಆದರೆ ಓಪಾ ಅಂಥವರಿಗೆ ಅದು ಬರೀ ಒಂದು ಪ್ರಯೋಗ ಸೋತ ಕಥೆಯಲ್ಲ. ಅವರು ತೋಳು ಮಡಚಿದ್ದು ಏಕೆ ಅಂತ ನನಗೆ ಅರ್ಥವಾಗಿದ್ದು ಮುಂದಿನ ವಾರ, ಓಮಾ ಹೇಳಿದಾಗ.

ಓಪಾ ಜೊತೆ ಒಂದೇ ಶಿಫ್ಟಿನಲ್ಲಿ ಕೊರೆಯುತ್ತಿದ್ದ ಒಬ್ಬ ಗೆಳೆಯರಿದ್ದರು. ಅವರಿಗೆ ಗಂಟಲ ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್ ಆಯಿತು. ಗಣಿಯಿಂದ ಬಂದ ರೋಗ ಅಂತ ಒಪ್ಪಿದರೆ ಪಿಂಚಣಿ ಸಿಗುತ್ತದೆ. ಅರ್ಜಿ ಹಾಕಿದರು. ಸಾಕಷ್ಟು ಸಂಭವ ಕಾಣುವುದಿಲ್ಲ ಅಂತ ಕಚೇರಿಯಿಂದ ಪತ್ರ ಬಂತು. ಗೆಳೆಯರು ತೀರಿಕೊಂಡರು. ಅವರ ಹೆಂಡತಿ ಆ ಪತ್ರ ಹಿಡಿದುಕೊಂಡು ಇದೇ ಮನೆಯ ಮೇಲಿನ ಮಹಡಿಗೆ ಬಂದು ಅತ್ತಿದ್ದರಂತೆ. "ಒಂದೇ ಸುರಂಗ, ಒಂದೇ ಗಾಳಿ. ನನಗೇನೂ ಆಗಲಿಲ್ಲ, ಅವನಿಗಾಯ್ತು, ಅದನ್ನೂ ನಂಬಲಿಲ್ಲ" ಅಂತ ಓಪಾ ವರ್ಷಗಟ್ಟಲೆ ಕೊರಗಿದ್ದಾರೆ.

ಎರಡು ಜರ್ಮನಿ ಒಂದಾದ ಮೇಲೆ ಶ್ವಾಸಕೋಶದ ಕ್ಯಾನ್ಸರಿಗೆ ಒಂದು ಲೆಕ್ಕದ ದಾರಿ ಮಾಡಿಕೊಂಡಿದ್ದಾರೆ. ಯಾವ ವರ್ಷ, ಯಾವ ಗಣಿ, ಯಾವ ಕೆಲಸ ಅಂತ ನೋಡಿ, ಉಸಿರಾಡಿದ ರೇಡಾನ್ ಎಷ್ಟು ಅಂತ ಅಂದಾಜು ಕಟ್ಟುತ್ತಾರೆ. ಅಳತೆಯ ಹೆಸರು ವರ್ಕಿಂಗ್ ಲೆವೆಲ್ ಮಂತ್. ಒಂದು ಗೊತ್ತಾದ ಮಟ್ಟದ ಗಾಳಿಯನ್ನು 170 ಗಂಟೆ, ಅಂದರೆ ಒಂದು ತಿಂಗಳ ಕೆಲಸದಷ್ಟು ಹೊತ್ತು ಉಸಿರಾಡಿದರೆ ಒಂದು. ಕಾಡು ವರ್ಷಗಳಲ್ಲಿ ಬಂಡೆ ಕೊರೆಯುವವರಿಗೆ ವರ್ಷಕ್ಕೆ ನೂರಕ್ಕೂ ಜಾಸ್ತಿ ಬಿದ್ದಿದೆ. ಈ ರೋಗ ಗಣಿಯಿಂದಲೇ ಬಂದಿರುವ ಸಂಭವ ಅರ್ಧಕ್ಕಿಂತ ಕಮ್ಮಿಯಿಲ್ಲ ಅಂತ ಲೆಕ್ಕ ಬಂದರೆ ಒಪ್ಪುತ್ತಾರೆ. 1990ಕ್ಕೆ ಮೊದಲೇ ಪೂರ್ವ ಜರ್ಮನಿಯಲ್ಲಿ ವಿಸ್ಮುಟ್‌ನ 5 ಸಾವಿರಕ್ಕೂ ಹೆಚ್ಚು ಶ್ವಾಸಕೋಶದ ಕ್ಯಾನ್ಸರುಗಳನ್ನು ಗಣಿಯ ರೋಗ ಅಂತ ಒಪ್ಪಿದ್ದರು. ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಅದಕ್ಕಿಂತಲೂ ಜಾಸ್ತಿ. ಶ್ವಾಸಕೋಶದಿಂದ ಆಚೆಗೆ ಹೋದರೆ ಲೆಕ್ಕ ಇಷ್ಟು ಗಟ್ಟಿಯಿಲ್ಲ. ಗೆಳೆಯರ ಪತ್ರ ಸಿಕ್ಕಿಕೊಂಡದ್ದು ಅಲ್ಲಿ.

ನೋಡಿ, ಈ ಲೆಕ್ಕದಲ್ಲಿ ರಕ್ತವಿಲ್ಲ, ಜೀನ್ ಇಲ್ಲ. ಇರುವುದು ಹಾಜರಿ ಪುಸ್ತಕ. ಇಷ್ಟು ವರ್ಷ ಕ್ರೋಮೋಸೋಮ್ ಎಣಿಸಿದವಳಿಗೆ ಇದನ್ನು ಒಪ್ಪಿಕೊಳ್ಳುವುದು ಸುಲಭವಾಗಿರಲಿಲ್ಲ. ಓಪಾ ಬದುಕಿನಲ್ಲಿ ಅತಿ ಬೆಲೆಬಾಳುವ ಸಾಕ್ಷಿ ಅವರ ಕೈಯ ನರದಲ್ಲಿ ಇರಲಿಲ್ಲ. ಅದು ಅವರ ಬೀರುವಿನ ಕೆಳಗಿನ ಖಾನೆಯಲ್ಲಿ, ಬಿಸ್ಕತ್ ಡಬ್ಬಿಯೊಳಗೆ ಇತ್ತು. ಕೆಲಸದ ಪುಸ್ತಕ, ಎಣ್ಣೆ ಹಿಡಿದ ರಟ್ಟು, ಒಳಗೆ ಗಣಿಯ ನಂಬರು, ತಾರೀಕು, ಠಸ್ಸೆ. ಅವತ್ತು ಅದನ್ನು ತಂದು ತೋರಿಸಿದರು. ಪ್ರತಿ ಪುಟವನ್ನೂ ಫೋಟೋ ತೆಗೆದುಕೊಟ್ಟೆ. ಮಗನಿಗೂ ಒಂದು ಪ್ರತಿ ಕಳಿಸಿ ಅಂದೆ.

ಕನ್ನಡದಲ್ಲಿ ಇದನ್ನು ಬರೆಯಲು ಅದೂ ಒಂದು ಕಾರಣ. ನಮ್ಮ ದೇಶದಲ್ಲಿ ಜಾರ್ಖಂಡಿನ ಜಾದುಗುಡದಲ್ಲಿ 1960ರ ದಶಕದಿಂದ ಯುರೇನಿಯಂ ತೆಗೆಯುತ್ತಿದ್ದಾರೆ. ನಮ್ಮ ಯಾದಗಿರಿ ಜಿಲ್ಲೆಯ ಗೋಗಿಯಲ್ಲೂ ಯುರೇನಿಯಂ ಇದೆ ಅಂತ ಹುಡುಕಿದ್ದಾರೆ. ಯಾರ ಮನೆಯಲ್ಲಾದರೂ ಗಣಿಗೆ ಇಳಿಯುವವರಿದ್ದರೆ, ಯುರೇನಿಯಂ ಆಗಲಿ ಚಿನ್ನ ಆಗಲಿ, ಅವರ ಸಂಬಳದ ಚೀಟಿ, ಹಾಜರಿ ಕಾರ್ಡು, ಎದೆಯ ಎಕ್ಸ್‌ರೇ, ಯಾವುದನ್ನೂ ಹಳೆ ಪೇಪರಿನ ಜೊತೆ ಹಾಕಬೇಡಿ.

ಹಾಗಾದರೆ ದೇಹದ ಗುರುತುಗಳಿಂದ ಏನೂ ಪ್ರಯೋಜನವಿಲ್ಲವೇ? ಇದೆ. ಒಬ್ಬ ಓಪಾನ ಬಗ್ಗೆ ಮಾತಾಡದ ಗುರುತು, ಸಾವಿರ ಓಪಾಗಳ ಬಗ್ಗೆ ಮಾತಾಡುತ್ತದೆ. ಜರ್ಮನಿಯ ವಿಕಿರಣ ರಕ್ಷಣಾ ಕಚೇರಿ ವಿಸ್ಮುಟ್‌ನಲ್ಲಿ ದುಡಿದ ಸುಮಾರು 59 ಸಾವಿರ ಗಂಡಸರ ಬದುಕು ಸಾವನ್ನು ದಶಕಗಳಿಂದ ಲೆಕ್ಕ ಇಡುತ್ತಿದೆ. ಒಂದು ದೇಶದ ಯುರೇನಿಯಂ ಗಣಿಗಾರರ ಗುಂಪಿನಲ್ಲಿ ಇಷ್ಟು ದೊಡ್ಡದು ಬೇರೆಯಿಲ್ಲ. ರೇಡಾನ್ ಏರಿದ ಹಾಗೆ ಶ್ವಾಸಕೋಶದ ಕ್ಯಾನ್ಸರ್ ಏರುತ್ತದೆ, ಗಣಿ ಬಿಟ್ಟು ವರ್ಷ ಕಳೆದಂತೆ ಅಪಾಯ ನಿಧಾನವಾಗಿ ಇಳಿಯುತ್ತದೆ, ಎಲ್ಲ ಅಲ್ಲಿ ಕಾಣುತ್ತದೆ. ಮನೆಗಳ ನೆಲದಿಂದ ಒಸರುವ ರೇಡಾನಿನ ಬಗ್ಗೆ ಜಗತ್ತಿಗೆ ಇವತ್ತು ಗೊತ್ತಿರುವುದರಲ್ಲಿ ದೊಡ್ಡ ಪಾಲು ಹೀಗೆ ಗಣಿಗಾರರ ಎದೆಯಿಂದ ಕಲಿತದ್ದು.

ಅಲ್ಲದೆ ಅದೇ ಕಚೇರಿ ನೂರಾರು ಮಾಜಿ ಗಣಿಗಾರರ ರಕ್ತವನ್ನು ಕೇಳಿ ಪಡೆದು ಒಂದು ಬಯೋಬ್ಯಾಂಕ್ ಕಟ್ಟಿದೆ. ಅಲ್ಲಿ ರೇಡಾನ್ ಜಾಸ್ತಿ ಉಸಿರಾಡಿದವರೂ ಇದ್ದಾರೆ, ಕಮ್ಮಿ ಉಸಿರಾಡಿದವರೂ ಇದ್ದಾರೆ. ಒಂದೇ ಸುರಂಗದ ಗಾಳಿ ಒಬ್ಬನಿಗೆ ಕ್ಯಾನ್ಸರ್ ಕೊಟ್ಟು ಇನ್ನೊಬ್ಬನನ್ನು 82ರವರೆಗೆ ಬಿಟ್ಟದ್ದು ಹೇಗೆ, ಹುಟ್ಟಿನಿಂದ ಬಂದ ರಿಪೇರಿ ಶಕ್ತಿಯಲ್ಲಿ ವ್ಯತ್ಯಾಸ ಇತ್ತಾ, ಅನ್ನುವಂಥ ಪ್ರಶ್ನೆಗಳಿಗಾಗಿ ಅದನ್ನು ಇಟ್ಟಿದ್ದಾರೆ. ಇಲ್ಲಿಗೆ ಹತ್ತಿರದ ಸ್ಟೋಲ್‌ಬರ್ಗ್‌ನಲ್ಲಿ ಸತ್ತ ಗಣಿಗಾರರ ಶ್ವಾಸಕೋಶದ ತುಣುಕುಗಳನ್ನು ದಶಕಗಳ ಕಾಲ ಮೇಣದಲ್ಲಿ ಹುದುಗಿಸಿ ಇಟ್ಟಿದ್ದರು. ಅವೂ ಉಳಿದಿವೆ. ಏಟು ಬಿದ್ದ ಮನೆಯ ಸಾಕ್ಷಿ ಅದು.

ಬಯೋಬ್ಯಾಂಕ್ ವಿಷಯ ಹೇಳಿದಾಗ ಓಪಾ ನಕ್ಕರು. "ಅಲ್ಲಿಗೆ ನಾನು ಆಗಲೇ ಕೊಟ್ಟಾಗಿದೆ" ಅಂದರು. ಕೆಲವು ವರ್ಷದ ಹಿಂದೆ ಮಾಜಿ ಗಣಿಗಾರರ ಆರೋಗ್ಯ ತಪಾಸಣೆಗೆ ಹೋದಾಗ ಕೇಳಿದ್ದರಂತೆ. ಕೊಟ್ಟು ಬಂದರು. ಫಲಿತಾಂಶ ತಮಗೆ ಹೇಳುವುದಿಲ್ಲ ಅಂತ ಗೊತ್ತಿತ್ತು. ನನ್ನನ್ನು ಕೇಳಿದ್ದು ಆ ಆಸೆ ಹೋಗದೆ ಇದ್ದದ್ದಕ್ಕೆ. "ಪರವಾಗಿಲ್ಲ ಬಿಡು. ಗೊತ್ತಾಗಲ್ಲ ಅಂತ ನೀನು ಕಾರಣ ಕೊಟ್ಟು ಹೇಳ್ದೆ. ಇಷ್ಟು ವರ್ಷ ಯಾರೂ ಕೂರಿಸ್ಕೊಂಡು ಹೇಳಿರಲಿಲ್ಲ."

ಆ ರಾತ್ರಿ ಅವರ ಕಿಟಕಿಯಲ್ಲಿ ಮೇಣದಬತ್ತಿಯ ಕಮಾನು ಉರಿಯುತ್ತಿತ್ತು. ಏರ್ತ್ಸ್‌ಗೆಬಿರ್ಗೆಯಲ್ಲಿ ಡಿಸೆಂಬರ್ ತುಂಬ ಮನೆಮನೆಯ ಕಿಟಕಿಯಲ್ಲೂ ಅದನ್ನು ಇಡುತ್ತಾರೆ. ಚಳಿಗಾಲದಲ್ಲಿ ಗಣಿಗಾರ ಬೆಳಗಾಗುವ ಮೊದಲು ಇಳಿದು ಕತ್ತಲಾದ ಮೇಲೆ ಹೊರಬರುತ್ತಿದ್ದ. ಸೂರ್ಯ ಅವನಿಗೆ ಭಾನುವಾರ ಮಾತ್ರ. ಪಕ್ಕದಲ್ಲಿ ಮರದಲ್ಲಿ ಕೆತ್ತಿದ ಗಣಿಗಾರ ಮತ್ತು ದೇವತೆಯ ಬೊಂಬೆಗಳು. ಮನೆಯಲ್ಲಿ ಗಂಡು ಮಕ್ಕಳಿದ್ದಷ್ಟು ಗಣಿಗಾರರು, ಹೆಣ್ಣು ಮಕ್ಕಳಿದ್ದಷ್ಟು ದೇವತೆಗಳು. ಮೇಲಿನ ಕಿಟಕಿಯಲ್ಲಿ ಒಬ್ಬ ಗಣಿಗಾರ ಇದ್ದ. ಮರುವರ್ಷದ ಡಿಸೆಂಬರಿನಲ್ಲಿ ಪಕ್ಕದಲ್ಲಿ ಒಂದು ದೇವತೆ ಬಂದಿತ್ತು. ಅದು ನೀನು ಅಂತ ಓಮಾ ಹೇಳಿದರು.

ಓಪಾ 2019ರ ಮಾರ್ಚಿನಲ್ಲಿ ತೀರಿಕೊಂಡರು. ಹೃದಯ ನಿಂತಿತು, ಶ್ವಾಸಕೋಶವಲ್ಲ. ಅಂತ್ಯಕ್ರಿಯೆಗೆ ಬಂದ ನಾಲ್ಕು ಜನ ಮುದುಕರು ಕಪ್ಪು ಗಣಿ ಸಮವಸ್ತ್ರ ಹಾಕಿಕೊಂಡಿದ್ದರು. ಗುಂಡಿಯ ಮುಂದೆ ನಿಂತು ಒಬ್ಬೊಬ್ಬರೂ "ಗ್ಲುಕ್ ಔಫ್" ಅಂದರು. ಇಳಿಯುವಾಗ, ಹತ್ತುವಾಗ ಗಣಿಗಾರರು ಒಬ್ಬರಿಗೊಬ್ಬರು ಹೇಳುವ ಮಾತು ಅದು.

ವಾರದ ನಂತರ ಓಮಾ ಕಾಫಿಗೆ ಕರೆದರು. ಬಿಸ್ಕತ್ ಡಬ್ಬಿ ಮೇಜಿನ ಮೇಲಿತ್ತು. ಕೆಲಸದ ಪುಸ್ತಕದ ಪುಟ ತಿರುವುತ್ತಾ ಇದ್ದಕ್ಕಿದ್ದಂತೆ, "ಅವರ ರಕ್ತ ಇನ್ನೂ ಅಲ್ಲಿದೆ ಅಲ್ವಾ?" ಅಂದರು.

"ಇದೆ ಓಮಾ. ಫ್ರೀಜರ್‌ನಲ್ಲಿ ಇಟ್ಟಿರ್ತಾರೆ."

"ಎಷ್ಟು ತಣ್ಣಗೆ?"

"ನಮ್ಮ ಲ್ಯಾಬ್‌ನಲ್ಲಿ ಅಂಥದ್ದನ್ನ ಮೈನಸ್ 80ರಲ್ಲಿ ಇಡ್ತೀವಿ."

ಓಮಾ ಪುಸ್ತಕ ಮುಚ್ಚಿ ಡಬ್ಬಿಯೊಳಗಿಟ್ಟು, ಮುಚ್ಚಳವನ್ನು ಎರಡೂ ಕೈಯಲ್ಲಿ ಒತ್ತಿದರು.

"ಆಳಕ್ಕೆ ಇಳಿದಷ್ಟೂ ಸೆಕೆ ಅಂತ ಬೈತಾ ಇದ್ರು" ಅಂದರು. "ಈಗ ತಣ್ಣಗಿರಲಿ ಬಿಡು."